ಸಂಗಮ್ಮನ ಪಥ್ಯ

ಚಿತ್ತವಾಡ್ಗಿಯ ಆ ಮನೆಯಲ್ಲಿ ಮೂವತ್ತು ವರ್ಷಗಳಿಂದ ದಿನಕ್ಕೆ ನೂರು ಜೋಳದ ರೊಟ್ಟಿ ತಪ್ಪಿದ್ದಿಲ್ಲ. ಮುಂದಿನ ಕೋಣೆಯಲ್ಲಿ ಮರುಳಸಿದ್ದಪ್ಪನ ಕಿರಾಣಿ ಅಂಗಡಿ, ಹಿಂದೆ ಅವನ ಹೆಂಡತಿ ಸಂಗಮ್ಮನ ಒಲೆ. ಬೆಳಿಗ್ಗೆ ಹತ್ತಕ್ಕೆ ರೊಟ್ಟಿಯ ಬುಟ್ಟಿ ಒಳಗಿನಿಂದ ಅಂಗಡಿಗೆ ಬಂದರೆ ಹನ್ನೆರಡರೊಳಗೆ ತಳ ಕಾಣುತ್ತಿತ್ತು. ಸೊಸೆ ಶೈಲಜಾ ಸಂಡೂರಿನಿಂದ ಈ ಮನೆಗೆ ಬಂದು ಆರು ವರ್ಷವಾಗಿದ್ದರೂ ಜೋಳದ ಹಿಟ್ಟಿಗೆ ಅವಳ ಕೈ ತಾಗಿರಲಿಲ್ಲ. ಬಿ.ಎ. ಓದಿದವಳು; ಪಲ್ಯ ಮಾಡುತ್ತಿದ್ದಳು, ಚಟ್ನಿಪುಡಿ ಕುಟ್ಟುತ್ತಿದ್ದಳು, ಅಂಗಡಿಗೆ ತರಿಸಬೇಕಾದ ಸಾಮಾನಿನ ಚೀಟಿ ಬರೆಯುತ್ತಿದ್ದಳು. ರೊಟ್ಟಿ ಮಾತ್ರ ಅತ್ತೆಯದು.

ದೀಪಾವಳಿ ಕಳೆದು ಚಳಿ ಬೀಳತೊಡಗಿದ ಒಂದು ಬೆಳಿಗ್ಗೆ ಅದೇ ಅತ್ತೆ, ನಾದಿದ ಹಿಟ್ಟನ್ನೆಲ್ಲ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಎಮ್ಮೆಯ ಬಾನಿಗೆ ಹಾಕಿ ಬಂದಳು.

"ಯಾಕ್ರೀ ಅತ್ತಿ, ಹುಳಾ ಏನರ ಬಿದ್ದಿತ್ತೇನು?" ಎಂದಳು ಶೈಲಜಾ.

"ಹುಳಾ ಅಲ್ಲ. ನಾನ ಬಿದ್ದಿದ್ದೆ," ಎಂದು ಸಂಗಮ್ಮ ಅಂಗೈ ಚಾಚಿದಳು.

ಅಂಗೈ ಕೆಂಪಗಾಗಿತ್ತು. ಅಲ್ಲಲ್ಲಿ ಬೆಳ್ಳಗೆ ಪದರೆದ್ದು, ಬೆರಳುಗಳ ಬುಡದಲ್ಲಿ ಸೀಳು ಬಿಟ್ಟಿತ್ತು. ಎರಡು ತಿಂಗಳಿಂದ ಅತ್ತೆ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೂರುವುದನ್ನು ಶೈಲಜಾ ನೋಡುತ್ತಲೇ ಇದ್ದಳು. ಏನಾಗಿದೆ ಎಂದು ಕೇಳಲು ಎಷ್ಟೋ ಸಲ ಬಾಯಿ ತೆರೆದಿದ್ದಳು. ತಪ್ಪು ತಿಳಿದಾರೆಂದು ಸುಮ್ಮನಾಗಿದ್ದಳು.

"ಒಂದು ಪದರು ಉದುರಿ ಹಿಟ್ಟಿನಾಗ ಬಿತ್ತು. ನಾ ನೋಡಿಬಿಟ್ಟೆ. ನೋಡಿದ ಮ್ಯಾಲೆ ಮಂದಿಗೆ ಹೆಂಗ ಕೊಡ್ಲಿ?"

ಮರುಳಸಿದ್ದಪ್ಪ ಅಂಗಡಿಯಿಂದ ಎದ್ದು ಬಂದ. "ಆ ಪದರಷ್ಟ ತಗದು ಒಗದಿದ್ರ ಮುಗೀತಿತ್ತು. ನೂರು ರೊಟ್ಟಿ ಹಿಟ್ಟು ಎಮ್ಮಿಗೆ ಹಾಕೋದಾ?"

"ನೀವು ತಿಂತಿದ್ರೇನು, ಗೊತ್ತಿದ್ದೂ?"

ಅವನು ಹೊರಗೆ ಹೋಗಿ, ರಟ್ಟಿನ ಮೇಲೆ 'ರೊಟ್ಟಿ ಇಲ್ಲ' ಎಂದು ಬರೆದು ತೂಗುಹಾಕಿದ. ಕೇಳಿದವರಿಗೆಲ್ಲ, "ಆಕಿ ಎಮ್ಮಿಗನೂರಿಗೆ ಹೋಗ್ಯಾಳ್ರಿ, ಅಕ್ಕನ ಮನೀಗೆ. ಬಂದ ಮ್ಯಾಲೆ ಶುರು," ಎಂದ. ಮೊದಲ ದಿನ ಬಾಯಿಗೆ ಬಂದ ಆ ಸುಳ್ಳನ್ನು ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಊರಲ್ಲಿಲ್ಲದ ಹೆಂಗಸು ಸಂಜೆ ಕಟ್ಟೆಯ ಮೇಲೆ ಕೂರುವಂತಿಲ್ಲ. ಹೀಗೆ ಸಂಗಮ್ಮ ತನ್ನ ಮನೆಯಲ್ಲೇ ಅಡಗಿಕೊಂಡಿರಬೇಕಾಯಿತು.

ವಾರದೊಳಗೆ ಮಗ ಹಾಲೇಶ್ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಒಂದು ದಿನ ರಜೆ ಹಾಕಿ, ತಾಯಿಯನ್ನೂ ಹೆಂಡತಿಯನ್ನೂ ಆಟೋದಲ್ಲಿ ಕೂರಿಸಿಕೊಂಡು ಪೇಟೆಯ ಚರ್ಮದ ಡಾಕ್ಟರ ಹತ್ತಿರ ಹೋದ. ಆ ಡಾಕ್ಟರಮ್ಮ ಎರಡೂ ಅಂಗೈ ತಿರುಗಿಸಿ ನೋಡಿ, ಇದಕ್ಕೆ ಸೋರಿಯಾಸಿಸ್ ಅನ್ನುತ್ತಾರೆ, ಒಬ್ಬರಿಂದ ಒಬ್ಬರಿಗೆ ಹತ್ತುವಂಥದ್ದಲ್ಲ, ಬೇರುಸಹಿತ ಹೋಗುತ್ತದೆ ಎಂದು ಮಾತು ಕೊಡಲಾರೆ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಎಂದರು. ಹಚ್ಚಲು ಮುಲಾಮು ಬರೆದುಕೊಟ್ಟರು. ಬಿಸಿನೀರು, ಬೆಂಕಿಯ ಕಾವು, ಸಾಬೂನು ಇವುಗಳಿಂದ ಕೈ ದೂರ ಇರಲಿ, ಎಣ್ಣೆಯ ಪಸೆ ಆರದಂತೆ ನೋಡಿಕೊಳ್ಳಿ ಎಂದರು.

"ಊಟದಾಗ ಏನೇನು ಬಿಡಬೇಕ್ರೀ ಮೇಡಂ?" ಹಾಲೇಶ್ ಕೇಳಿದ.

"ಇಂಥದ್ದೇ ಬಿಡಿ ಅಂತ ಎಲ್ಲರಿಗೂ ಹೇಳೋಕಾಗಲ್ಲ. ಏನಾದ್ರೂ ತಿಂದಾಗ ಹೆಚ್ಚಾಗುತ್ತಾ ಅಂತ ನೀವೇ ಗಮನಿಸಿ. ಉಪವಾಸ ಮಾತ್ರ ಬೇಡ."

ಇಷ್ಟೆಲ್ಲ ಹೇಳಿದ್ದರಲ್ಲಿ ಆಟೋ ಚಿತ್ತವಾಡ್ಗಿಗೆ ಬರುವ ಹೊತ್ತಿಗೆ ಮೂವರ ಮಾತಿನಲ್ಲೂ ಉಳಿದದ್ದು ಒಂದೇ: ಊಟದಲ್ಲಿ ಏನೋ ಬಿಡಬೇಕು.

ಸುದ್ದಿ ಎಮ್ಮಿಗನೂರಿಗೆ ಮುಟ್ಟಿ ಸಂಗಮ್ಮನ ಅಕ್ಕ ಭೀಮಮ್ಮ ಬಂದಳು. ಬೇವಿನ ಸೊಪ್ಪಿನ ಗಂಟು, ಗಾಣದ ಕೊಬ್ಬರಿ ಎಣ್ಣೆ, ಶೀಸೆಯಲ್ಲಿ ಎಕ್ಕದ ಹಾಲು, ಇಷ್ಟನ್ನು ಚೀಲದಿಂದ ತೆಗೆದು ಸಾಲಾಗಿ ಇಟ್ಟಳು.

"ಎಕ್ಕದ ಹಾಲು ಹಚ್ಚಿದ್ರ ಹಳೇ ಚರ್ಮ ಸುಟ್ಟು ಹೊಸಾದು ಬರ್ತೈತಿ, ಸಂಗಿ."

"ಅಕ್ಕಾ, ಕಾಲಾಗ ಮುಳ್ಳು ಮುರದ್ರ ಅದನ್ನ ಹಾಕ್ತಿದ್ವಿ. ಮುಳ್ಳಿಗೆ ಹಾಕೋದು ಅಂಗೈಗೆ ಯಾಕ? ಅದನ್ನ ವಾಪಸ್ ಒಯ್ದುಬಿಡು. ಎಣ್ಣಿ ಇರ್ಲಿ."

ಭೀಮಮ್ಮ ಶೀಸೆಯನ್ನು ಚೀಲಕ್ಕೆ ಹಾಕಿಕೊಂಡಳು. ಪಥ್ಯದ ವಿಷಯದಲ್ಲಿ ಮಾತ್ರ ಸೋಲಲಿಲ್ಲ. ಇದು ಮೈಯೊಳಗಿನ ನಂಜು. ನಂಜೇರಿಸುವ ಬದನೆಕಾಯಿ ಬೇಡ, ಅವರೆ ಬೇಡ, ಹುಣಸೆಹುಳಿ ಬೇಡ, ಎಳ್ಳು ಬೇಡ. ಮಾರನೆಯ ದಿನ, ಗುಟ್ಟು ತಿಳಿದಿದ್ದ ಎದುರು ಮನೆಯವರು ಶೇಂಗಾ ಬಿಡಿಸಿದರು. ಹಾಲೇಶನ ಜೊತೆ ಕೆಲಸ ಮಾಡುವವನೊಬ್ಬನ ಹೆಂಡತಿ ಫೋನಿನಲ್ಲಿ ಮೊಸರು, ಬೆಲ್ಲ, ಹಸಿಮೆಣಸಿನಕಾಯಿ ಬಿಡಿಸಿದಳು. ಶೈಲಜಾ ಊಟವಾದ ಮೇಲೆ ಮೊಬೈಲಿನಲ್ಲಿ ಒಂದರ ಹಿಂದೆ ಒಂದು ವಿಡಿಯೋ ನೋಡಿದಳು. ನೋಡಿದಷ್ಟೂ ಅವಳ ಅಂಜಿಕೆ ಹೆಚ್ಚಿತು. ಅವಳು ಗೋಧಿ, ಹಾಲು, ಟೊಮ್ಯಾಟೊ ಬಿಡಿಸಿದಳು.

ಸಂಗಮ್ಮ ಯಾವುದಕ್ಕೂ ಎದುರಾಡಲಿಲ್ಲ. "ಕೈ ನಂದು ಆದ್ರೂ ರೊಟ್ಟಿ ಎಲ್ಲಾರದು. ಹೇಳಿದಂಗ ಕೇಳ್ತೀನಿ," ಎಂದಳು. ಮೂರು ಹೊತ್ತೂ ಅಕ್ಕಿಯ ಗಂಜಿ, ಹೆಸರುಬೇಳೆ, ಹೀರೇಕಾಯಿ, ಉಪ್ಪು. ಮಗನ ಡಬ್ಬಿಯ ರೊಟ್ಟಿ ಬಿಟ್ಟರೆ ಒಂದೇ ಒಲೆಯಲ್ಲಿ ಎರಡು ಅಡುಗೆ ಯಾಕೆಂದು ಮರುಳಸಿದ್ದಪ್ಪನ ತಟ್ಟೆಗೂ ಅದೇ ಬಂತು.

"ನನ್ನ ಕೈ ಗಟ್ಟಿ ಅದಾವಲ್ಲ, ಶೈಲಾ. ನನಗ್ಯಾಕ ಈ ಶಿಕ್ಷಾ?"

"ಅತ್ತಿ ಮುಂದ ನೀವು ಎಣ್ಣಿಗಾಯಿ ತಿಂದ್ರ ಅವರಿಗೆ ಬ್ಯಾಸರ ಆಗ್ತೈತಿ, ಮಾವ."

"ನನಗ ಬ್ಯಾಸರ ಆಗೇತಿ, ಅದನ್ಯಾರು ಕೇಳ್ತಾರ?"

ಆದರೂ ಅವನು ದಿನಾ ನಾಲ್ಕು ಗಂಟೆಗೆ ಮೂಲೆಯ ಗಾಡಿಯಿಂದ ಮಿರ್ಚಿ ಭಜಿ ತರಿಸಿ, ಸಕ್ಕರೆ ಚೀಲದ ಮರೆಯಲ್ಲಿ ತಿನ್ನುತ್ತಿದ್ದ. ಒಳಗೆ ಕೂತ ಸಂಗಮ್ಮ ವಾಸನೆ ಹಿಡಿದು, "ಶೈಲಾ, ಸಕ್ಕರಿ ಚೀಲ ಇವತ್ತು ಖಾರ ನಾರ್ತೈತಿ ನೋಡು," ಎನ್ನುತ್ತಿದ್ದಳು. ಅದೊಂದು ನಗು ಆ ಮನೆಯಲ್ಲಿ ಉಳಿದಿತ್ತು.

ನಾಲ್ಕು ವಾರ ಕಳೆಯಿತು. ಬೇವಿನ ನೀರು, ಮುಲಾಮು, ಎಣ್ಣೆ ಎಲ್ಲ ನಡೆದಿತ್ತು. ಕೈ ಒಂದು ವಾರ ಇಳಿದಂತೆ ಕಂಡರೆ ಮರುವಾರ ಮತ್ತೆ ಬಿರಿಯುತ್ತಿತ್ತು. ಸಂಗಮ್ಮನ ಕುಪ್ಪಸ ಮಾತ್ರ ಸಡಿಲಾಗುತ್ತ ಹೋಯಿತು. ಒಂದು ಮುಂಜಾನೆ ಹಿತ್ತಲಿನ ನಲ್ಲಿಯಲ್ಲಿ ಕೊಡ ತುಂಬಿಸಿ ಎತ್ತಲು ಬಗ್ಗಿದವಳು ಹಾಗೇ ಕುಸಿದಳು. ಕೊಡ ಉರುಳಿದ ಸದ್ದಿಗೆ ಶೈಲಜಾ ಓಡಿ ಬಂದಳು. ಅತ್ತೆಯ ಹಣೆ ಕಟ್ಟೆಗೆ ತಾಗಿ ಬಾತಿತ್ತು. ಕಣ್ಣು ತೆರೆದು, "ಏನೂ ಆಗಿಲ್ಲ, ನೆಲ ಒಂದೀಟು ಮ್ಯಾಲೆ ಬಂತು," ಎಂದಳು.

ಅಂದು ಮನೆಯಲ್ಲಿ ಜಗಳ ಎದ್ದಿತು. ಹಾಲೇಶ್ ಮೊದಲ ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಬಂದವನು ತಾಯಿಯ ಹಣೆ ನೋಡಿ, ಆಗಲೇ ಊರಿಗೆ ಮರಳಿದ್ದ ದೊಡ್ಡಮ್ಮ ಭೀಮಮ್ಮನ ಮೇಲೆ ಹರಿಹಾಯ್ದ.

"ಆ ದೊಡ್ಡವ್ವ ಬಂದು ಬದನಿಕಾಯಿ ಬಿಡಿಸಿ ಹೋದ್ಳು, ಅಲ್ಲಿಂದ ಶುರು ಆತು ನೋಡು."

"ಆಕಿ ನಾಕು ಬಿಡಿಸಿದ್ಳು. ಉಳಿದವು ಯಾರು ಬಿಡಿಸಿದ್ರು? ನಿನ್ನ ದೋಸ್ತನ ಹೆಂಡ್ತಿ ಡಾಕ್ಟರೇನು?" ಮರುಳಸಿದ್ದಪ್ಪ ಕೇಳಿದ.

"ನೀ ಸುಮ್ನಿರಪ್ಪ. ಸುಳ್ಳು ಹೇಳಿ ಆಕೀನ ಮನಿಯಾಗ ಕೂಡಿ ಹಾಕಿದಾಂವ ನೀನು."

ಶೈಲಜಾ ಗೋಡೆಗೆ ಒರಗಿ ನಿಂತಿದ್ದಳು. ಮಾತು ತೂಗಿ ಆಡುವ ಅವಳಿಗೆ ಅಂದು ತೂಗಲು ಹೊತ್ತಿರಲಿಲ್ಲ. "ಗೋಧಿ, ಹಾಲು, ಟೊಮ್ಯಾಟೊ ಬಿಡಿಸಿದಾಕಿ ನಾನು," ಎಂದಳು. "ಡಾಕ್ಟರು ಉಪವಾಸ ಬ್ಯಾಡ ಅಂದಿದ್ರು. ನನಗ ನೆನಪಿತ್ತು. ನೆನಪಿದ್ದೂ ಬಿಡಿಸಿದೆ. ಏನರ ಮಾಡ್ದಿದ್ರ ತಪ್ಪಾಗ್ತೈತಿ ಅಂತ ಅಂಜಿಕಿ."

 ಚಾಪೆಯ ಮೇಲೆ ಮಲಗಿದ್ದ ಸಂಗಮ್ಮ ಎದ್ದು ಕೂತಳು.

"ಎಲ್ಲಾರೂ ನನ್ನ ಮ್ಯಾಲಿನ ಪ್ರೀತಿಗೆ ಒಂದೊಂದು ಬಿಡಿಸಿದ್ರಿ. ಆತು. ಇನ್ನ ನಾ ಒಂದೊಂದ ಹಿಡಕೊಂತ ಹೋಗ್ತೀನಿ. ಸೋಮವಾರಕ್ಕೊಂದು. ಏಳು ದಿನ ಅದನ್ನ ತಿನ್ನೋದು, ಕೈ ನೋಡೋದು. ಕೈ ಕೆಟ್ರ ಅದು ಬ್ಯಾಡ. ಕೆಡದಿದ್ರ ಅದು ನಮ್ಮದು. ಶೈಲಾ, ಇನ್ನ ನೀ ಏನೂ ಓದಬ್ಯಾಡ. ನನ್ನ ಕೈ ಓದು."

ಆ ಸೋಮವಾರ ಬದನೆಕಾಯಿ ಬಂತು. ಶೇಂಗಾ, ಎಳ್ಳು ಇನ್ನೂ ನಿಷೇಧದಲ್ಲಿದ್ದುದರಿಂದ ಬರೀ ಈರುಳ್ಳಿ ಕೊಬ್ಬರಿ ತುಂಬಿದ ಎಣ್ಣೆಗಾಯಿ. ಸಂಗಮ್ಮ ಮೊದಲ ತುತ್ತು ಬಾಯಿಗಿಟ್ಟಾಗ ಮೂವರೂ ಅವಳ ಅಂಗೈಯನ್ನೇ ನೋಡುತ್ತ ಕೂತರು.

"ತಿನ್ನೋ ತನಕಾರ ಮಾರಿ ಆ ಕಡೆ ಮಾಡ್ರಿ. ಕೈಯಾಗ ಏನು ಸಿನಿಮಾ ನಡದೈತಾ?"

ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಸಂಗಮ್ಮ ಲಿಂಗಪೂಜೆಗೆ ಕೂರುವಳು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಲಗೈಯಿಂದ ಪತ್ರೆ ಏರಿಸಿ, ಕಣ್ಣು ಮುಚ್ಚುವಳು. ಕೈ ಬಿರಿದು ರಕ್ತ ಒಸರಿದ ದಿನಗಳಲ್ಲೂ ಅದನ್ನು ಬಿಟ್ಟಿರಲಿಲ್ಲ. ಪೂಜೆ ಮುಗಿಯುತ್ತಲೇ ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಚಾಚುವಳು, ಶೈಲಜಾ ಮೊಬೈಲಿನಲ್ಲಿ ಫೋಟೋ ತೆಗೆಯುವಳು. ಬದನೆಕಾಯಿಯ ವಾರ ಏನೂ ಆಗಲಿಲ್ಲ. ಶೇಂಗಾದ ವಾರವೂ ಆಗಲಿಲ್ಲ. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತೆಂದು ಮೂರನೆಯ ವಾರ ಎಳ್ಳು ಹಿಡಿದರು. ಅದು ತನಗೂ ಸೇರಿದ ಜಯವೆಂಬಂತೆ ಮರುಳಸಿದ್ದಪ್ಪ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಎರಡು ಹೆಚ್ಚಿಗೆ ತಿಂದ.

ಆ ವಾರವೇ ಒಂದು ಬೆಳಿಗ್ಗೆ, ಪೂಜೆಗೆ ಕೂತ ಸಂಗಮ್ಮ ಎಂದಿನಂತೆ ಕಣ್ಣು ಮುಚ್ಚಲಿಲ್ಲ. ಎಡ ಅಂಗೈಯನ್ನೂ ಪತ್ರೆ ಹಿಡಿದ ಬಲ ಅಂಗೈಯನ್ನೂ ಬಹಳ ಹೊತ್ತು ನೋಡಿದಳು. ಪೂಜೆ ಮುಗಿಸಿ ಲಿಂಗವನ್ನು ಕೊರಳಿಗೆ ಧರಿಸಿಕೊಂಡ ಮೇಲೆ ಸೊಸೆಯನ್ನು ಕರೆದಳು.

"ಶೈಲಾ, ಎಡಗೈ ನೋಡು. ಎಷ್ಟು ತಿಳಿಯಾಗೇತಿ. ಬಲಗೈ ನೋಡು. ಹಂಗ ಐತಿ."

"ಹೌದ್ರಿ ಅತ್ತಿ."

"ಎರಡಕ್ಕೂ ಒಂದ ಹೊಟ್ಟಿ ಅಲ್ಲೇನು? ಎಳ್ಳು ಬಲಗೈಗಷ್ಟ ಹೋಗಿ ಕುಂದ್ರತೈತಾ?"

ಶೈಲಜಾ ಒಳಗೆ ಹೋಗಿ ಮೊಬೈಲು ತಂದು, ಮೂರು ವಾರದ ಫೋಟೋಗಳನ್ನು ಒಂದೊಂದಾಗಿ ತೋರಿಸಿದಳು. ದಿನದಿನವೂ ತೆಗೆದಿದ್ದ ತಾನೇ ಅದನ್ನು ಕಂಡಿರಲಿಲ್ಲ. ಎಡಗೈ ಮೆಲ್ಲಗೆ ಮಾಗುತ್ತ ಬಂದಿತ್ತು. ಬಲಗೈ ಇದ್ದಲ್ಲೇ ಇತ್ತು.

ಮಾರುವುದು ನಿಂತಿದ್ದರೂ ಗೊತ್ತಿದ್ದೇ ತಿನ್ನುವ ಮನೆಯವರ ಮಟ್ಟಿಗೆ ಏಳೆಂಟು ರೊಟ್ಟಿಯನ್ನು ಸಂಗಮ್ಮ ಒಂದು ದಿನವೂ ಬಿಟ್ಟಿರಲಿಲ್ಲ. ತಾನು ಗಂಜಿ ಕುಡಿದಾಗಲೂ ಮಗನ ಡಬ್ಬಿಗೆ ತಾನೇ ಬಡಿಯುತ್ತಿದ್ದಳು. ಕುದಿವ ನೀರು ಸುರಿದ ಹಿಟ್ಟನ್ನು ಆರುವ ಮೊದಲೇ ನಾದಿದರೆ ರೊಟ್ಟಿ ಸೀಳುವುದಿಲ್ಲ; ಆ ಬಿಸಿಯನ್ನೆಲ್ಲ ತಡೆಯುತ್ತಿದ್ದುದು ಬಲಗೈ. ಹಂಚಿನ ಕಾವಿನ ಮೇಲೆ ಆಡುತ್ತಿದ್ದುದೂ, ಪಾತ್ರೆಯ ಪುಡಿ ಹಾಕಿ ಹಿಟ್ಟು ನಾದುವ ಪರಾತ ತಿಕ್ಕುತ್ತಿದ್ದುದೂ ಅದೇ ಕೈ.

"ಡಾಕ್ಟರು ಇದನ್ನ ಮೊದಲು ಹೇಳಿದ್ರು," ಶೈಲಜಾ ಸಣ್ಣ ದನಿಯಲ್ಲಿ ಅಂದಳು.

"ಹೇಳಿದ್ರು. ನಾವು ಬದನಿಕಾಯಿ ಕೇಳಿಸ್ಕೊಂಡು ಬಂದ್ವಿ," ಎಂದು ಸಂಗಮ್ಮ ನಕ್ಕಳು. ನಗು ನಿಂತ ಮೇಲೆ ತುಸು ಹೊತ್ತು ಒಲೆಯನ್ನೇ ನೋಡಿದಳು. ಆಮೇಲೆ ಪರಾತವನ್ನು ಸೊಸೆಯ ಕಡೆ ತಳ್ಳಿದಳು. "ಕುಂದ್ರು. ನಾದು."

ಮೂವತ್ತು ವರ್ಷ ಯಾರಿಗೂ ಕೊಡದಿದ್ದನ್ನು ಅವಳು ಹಾಗೆ, ಎರಡು ಮಾತಿನಲ್ಲಿ, ಕೊಟ್ಟುಬಿಟ್ಟಳು.

ಶೈಲಜಾಳ ಮೊದಲ ರೊಟ್ಟಿಗಳು ನಡುವೆ ಹರಿದವು. ಸಂಗಮ್ಮ ಒಲೆಯಿಂದ ದೂರ, ಬಾಗಿಲ ಹತ್ತಿರ ಕೂತು ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಕಣ್ಣೆತ್ತಿ ನೋಡುತ್ತಲೂ ಇರಲಿಲ್ಲ. ಬಡಿಯುವ ಸಪ್ಪಳ ಕೇಳಿಯೇ ಹೇಳುವಳು.

"ನಡುವು ದಪ್ಪ ಐತಿ. ಸಪ್ಪಳ ಮಂದ ಬರ್ತೈತಿ. ಅಂಚಿಗೆ ಬಾ... ಹಾಂ, ಈಗ ತೆಳ್ಳಗಾತು. ಸಾಕು, ಎತ್ತು."

ಪಾಳಿಗೆ ಹೊರಟಿದ್ದ ಹಾಲೇಶ್ ಡಬ್ಬಿಯ ಮುಚ್ಚಳ ತೆಗೆದು ನೋಡಿದ. "ಇದೇನು ರೊಟ್ಟೀನೋ ಹಂಪಿ ದಾರೀನೋ? ಒಂದು ಕಡೆ ಗುಡ್ಡ, ಒಂದು ಕಡೆ ಹೊಳಿ."

"ತಿಂದು ಹೋಗಲೇ," ಎಂದಳು ಸಂಗಮ್ಮ. "ನಿಂದೂ ಹುಟ್ಟಿದಾಗ ತಲಿ ಹಿಂಗ ಇತ್ತು. ತಿದ್ದೀನಿ."

ಅವನು ಸಂಜೆ ಬರುವಾಗ ಕಂಪನಿಯಲ್ಲಿ ಕೊಡುವ ಬಿಳಿ ಹತ್ತಿಯ ಗ್ಲೌಸು ಹೊಸ ಜೊತೆ ತಂದ. ಎಣ್ಣೆ ಹಚ್ಚಿ ಅದನ್ನು ಹಾಕಿಕೊಂಡು ಮಲಗಿದರೆ ಪಸೆ ಆರುವುದಿಲ್ಲ ಎಂದ. ಉಕ್ಕು ಕಾಸುವವರ ಗ್ಲೌಸು ತನಗೆ ಯಾಕೆಂದು ಸಂಗಮ್ಮ ಮೊದಲು ಗೊಣಗಿದಳು, ಆಮೇಲೆ ದಿನಾ ತಪ್ಪದೆ ಹಾಕಿಕೊಂಡಳು. ಪಾತ್ರೆ ತಿಕ್ಕುವುದನ್ನು ಮರುಳಸಿದ್ದಪ್ಪನಿಗೆ ಒಪ್ಪಿಸಲಾಯಿತು. ಅವನು ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು, ಹಿತ್ತಲಿನಲ್ಲಿ ಯಾರಿಗೂ ಕಾಣದಂತೆ ಕೂತು ತಿಕ್ಕಿದ. ಆದರೆ ಚೆನ್ನಾಗಿ ತಿಕ್ಕಿದ.

ಸೋಮವಾರಗಳು ಮುಂದುವರಿದವು. ಹುಣಸೆ, ಮೊಸರು, ಗೋಧಿ, ಬೆಲ್ಲ, ಅವರೆ ಒಂದೊಂದಾಗಿ ಮನೆಗೆ ಮರಳಿದವು. ಹಸಿಮೆಣಸಿನಕಾಯಿಯ ವಾರ ಮಾತ್ರ ಕೈ ತುಸು ಕೆಂಪಾಗಿ ತುರಿಸಿತು. ಅದು ಖಾರದ್ದೋ ಆ ವಾರ ಬಿದ್ದ ಚಳಿಯದೋ ಯಾರಿಗೂ ಹೇಳಲಾಗಲಿಲ್ಲ. "ಇರ್ಲಿ, ಇದನ್ನ ನಾ ಬಿಡ್ತೀನಿ," ಎಂದು ಸಂಗಮ್ಮ ತಾನಾಗಿ ಬಿಟ್ಟಳು. ಎರಡನೆಯ ಸಲ ಹೋದಾಗ ಡಾಕ್ಟರಮ್ಮ ಕೈ ನೋಡಿ, ಮುಲಾಮು ಕಡಿಮೆ ಮಾಡುವ ಕ್ರಮ ಹೇಳಿದರು. ಮತ್ತೆ ಬರಬಹುದು, ಬಂದರೆ ಹೆದರಬೇಡಿ, ಹೀಗೇ ನೋಡಿಕೊಳ್ಳಿ ಎಂದರು.

ಶಿವರಾತ್ರಿಗೆ ಎರಡು ವಾರ ಇರುವಾಗ ರೊಟ್ಟಿಯ ಬುಟ್ಟಿ ಅಂಗಡಿಗೆ ಬಂತು. ಬಿಸಿಹಿಟ್ಟು ನಾದುವುದು, ಬೇಯಿಸುವುದು ಶೈಲಜಾ. ಹಿಟ್ಟು ಆರಿ ಉಗುರುಬೆಚ್ಚಗಾದ ಮೇಲೆ ಮೂವತ್ತು ರೊಟ್ಟಿ ಬಡಿಯುವುದು ಸಂಗಮ್ಮ. ಉಳಿದ ಎಪ್ಪತ್ತೂ ಸೊಸೆಯವೇ.

ಮೊದಲ ದಿನವೇ ಅಂಗನವಾಡಿಯ ಜ್ಯೋತಿಲಕ್ಷ್ಮಿ ಟೀಚರು ಬಂದರು. ಹದಿನೈದು ವರ್ಷದ ಗಿರಾಕಿ. ಹತ್ತು ರೊಟ್ಟಿ ಎಣಿಸಿಕೊಳ್ಳುತ್ತ, "ಸಂಗಮ್ಮಾರು ಊರಿಂದ ಬಂದ್ರೇನ್ರಿ? ಕೈಗೆ ಏನೋ ಆಗೇತಂತ ಓಣ್ಯಾಗ ಮಾತಾಡ್ತಿದ್ರು. ಈ ರೊಟ್ಟಿ ಯಾರ ಕೈಯಾವು?" ಎಂದು ಕೇಳಿದರು.

"ಸೊಸಿ ಕೈಯಾವ್ರಿ. ಎಲ್ಲಾ ಸೊಸೀವು," ಎಂದ ಮರುಳಸಿದ್ದಪ್ಪ, ಕಣ್ಣು ತಕ್ಕಡಿಯ ಮೇಲೆ ಇಟ್ಟು.

ಒಳಗೆ ಶೈಲಜಾ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು. ಅತ್ತೆ ಎದ್ದದ್ದು ಕಂಡಿತು. ತಡೆಯಬೇಕೋ ಬೇಡವೋ ತಿಳಿಯದೆ ತಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತಳು. ಸಂಗಮ್ಮ ಸೆರಗಿನಿಂದ ಕೈ ಹೊರಗೆ ತೆಗೆದು, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ಬೆಳಕಿಗೆ, ಎರಡೂ ಅಂಗೈ ಬಿಚ್ಚಿಟ್ಟಳು.

"ನಾ ಯಾವ ಊರಿಗೂ ಹೋಗಿರಲಿಲ್ರಿ ಟೀಚರ್. ಇಲ್ಲೇ ಇದ್ದೆ. ಇದು ಆಗಿತ್ತು, ಚರ್ಮದ ಜಡ್ಡು. ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲ ಅಂತ ಡಾಕ್ಟರು ಹೇಳ್ಯಾರ. ಈಗ ಪದರು ಉದುರಂಗಿಲ್ಲ. ಉದುರೋ ದಿನ ನಾ ಹಿಟ್ಟು ಮುಟ್ಟಂಗಿಲ್ಲ. ಈ ಬುಟ್ಯಾಗ ಮೂವತ್ತು ನನ್ನ ಕೈಯಾವು, ಎಪ್ಪತ್ತು ಸೊಸಿ ಕೈಯಾವು. ನೋಡಿ, ಬೇಕಂದ್ರ ತಗೊಳ್ರಿ. ಬ್ಯಾಡಂದ್ರ ನನಗ ಸಿಟ್ಟಿಲ್ಲ."

ಟೀಚರು ಅಂಗೈ ನೋಡಿದರು. ಬುಟ್ಟಿ ನೋಡಿದರು. "ನಾಳೆ ಬರ್ತೀನ್ರಿ," ಎಂದು ಎಣಿಸಿದ ರೊಟ್ಟಿಯನ್ನು ಬುಟ್ಟಿಯಲ್ಲೇ ಬಿಟ್ಟು ಹೋದರು. ಹಿಂದೆ ನಿಂತಿದ್ದ ಆಟೋದವನು, "ನನಗ ಆರು ಕೊಡ್ರಿ ದೊಡ್ಡಮ್ಮ, ಹಸಿವು ಆಗೇತಿ," ಎಂದ.

ಅಂದು ಮಧ್ಯಾಹ್ನ ಬುಟ್ಟಿಯಲ್ಲಿ ನಲವತ್ತು ರೊಟ್ಟಿ ಉಳಿದಿದ್ದವು. ಮರುಳಸಿದ್ದಪ್ಪ ಸಿಟ್ಟಿನಿಂದ ಊಟಕ್ಕೆ ಬರಲಿಲ್ಲ. ದಿನಾ ಕೇಳಿದವರಿಗೆಲ್ಲ ಸಂಗಮ್ಮ ಅದೇ ಮಾತು ಹೇಳಿದಳು, ಕೇಳದವರಿಗೂ ಹೇಳಿದಳು. ಕೆಲವರು ಹೋದರು, ಹೋದವರಲ್ಲಿ ಕೆಲವರು ಬಂದರು. ನಾಲ್ಕನೆಯ ದಿನ ಟೀಚರು ಬಂದು ಏನೂ ಕೇಳದೆ ಹತ್ತು ಎಣಿಸಿಕೊಂಡು ಹೋದರು. ಹತ್ತು ದಿನ ಕಳೆಯುವಾಗ ವ್ಯಾಪಾರ ಎಪ್ಪತ್ತಕ್ಕೆ ಬಂದು ನಿಂತಿತು.

"ಸೊಸಿ ಕೈ ಅಂತ ಒಂದು ಮಾತು ಅಂದಿದ್ರ ನೂರಕ್ಕ ನೂರು ಹೋಗ್ತಿದ್ವು," ಎಂದ ಮರುಳಸಿದ್ದಪ್ಪ, ಎಣ್ಣೆಗಾಯಿಗೆ ರೊಟ್ಟಿ ಅದ್ದುತ್ತ. "ಮೂವತ್ತು ರೊಟ್ಟಿ ಬಾಯಿಂದ ಕಳಕೊಂಡಿ."

ಸಂಗಮ್ಮ ಅವನ ತಟ್ಟೆಗೆ ಇನ್ನೊಂದು ಬದನೆಕಾಯಿ ಹಾಕಿದಳು. "ಮೊದ್ಲು ನೂರು ಹೋಗ್ತಿದ್ವು, ಹೌದು. ಕಡೀ ಎರಡು ತಿಂಗಳು ಆ ಮಂದಿ ಗೊತ್ತಿಲ್ಲದ ತಿಂದ್ರು, ನಾ ಸೆರಗಿನಾಗ ಕೈ ಮುಚ್ಚಿಕೊಂಡು ಕೊಟ್ಟೆ. ಈ ಎಪ್ಪತ್ತು ಗೊತ್ತಿದ್ದು ತಿಂತಾರ. ಇವು ಲೆಕ್ಕಕ್ಕ ಬರ್ತಾವ ನೋಡ್ರಿ."

ಅವನು ತಲೆ ಬಗ್ಗಿಸಿ ಊಟ ಮುಗಿಸಿದ. ತಾನೇ ಎದ್ದು ತಟ್ಟೆಗಳನ್ನೆಲ್ಲ ಎತ್ತಿಕೊಂಡು ಹಿತ್ತಲಿಗೆ ಹೋದ.

"ಶೈಲಾ, ನಾಳಿಂದ ಎಪ್ಪತ್ತಕ್ಕ ನಾದು. ಉಳಿಸೋದು ಬ್ಯಾಡ," ಎಂದಳು ಸಂಗಮ್ಮ.

ಮರುದಿನ ಬೆಳಿಗ್ಗೆ ಶೈಲಜಾ ಹಿಟ್ಟು ಅಳೆದಳು. ಎಪ್ಪತ್ತಕ್ಕೆ ಆಗುವಷ್ಟು ಪರಾತಕ್ಕೆ ಸುರಿದು, ಒಂದು ಗಳಿಗೆ ನಿಂತು, ಮತ್ತೆರಡು ಬೊಗಸೆ ಹಾಕಿದಳು. ಬಾಗಿಲಲ್ಲಿ ಕೂತು ಎಣ್ಣೆ ಸವರಿಕೊಳ್ಳುತ್ತಿದ್ದ ಸಂಗಮ್ಮ ಅದನ್ನು ನೋಡಿದಳು. ಕುದಿಯುತ್ತಿದ್ದ ನೀರಿಗೆ ಇನ್ನೊಂದು ಚೊಂಬು ಸೇರಿಸುವಂತೆ ಕಣ್ಣಲ್ಲೇ ತೋರಿಸಿದಳು.